ಒದ್ದೆ ಲಾವಂಚದ ಪರದೆ

ಶುಕ್ರವಾರ, ಮಾಡಿಯ ಕಿಟಕಿ

ಮಧ್ಯಾಹ್ನ ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಮೊದಲನೆಯ ಕೊಡ ತೊಟ್ಟಿಯಲ್ಲಿ ಮುಳುಗಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಕೆಳಗೆ ಹೆಣ್ಣುಮಕ್ಕಳ ಅರಿಷಿಣ-ಕುಂಕುಮ ನಡೆದಿತ್ತು. ಗಂಡಸಾದ ನನ್ನನ್ನು ಮೇಲಿನ ಮಾಡಿಗೆ ಅಟ್ಟಿ, ಸುಮ್ಮನೆ ಕೂಡ್ರಬಾರದೆಂದು ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸ ಹಚ್ಚಿದ್ದರು. ಕೀಲಿ ತಿರುವುತ್ತ ಹಿತ್ತಲ ಕಡೆಯ ಕಿಟಕಿಯಿಂದ ಇಣುಕಿದಾಗ, ಜರಿ ಸೀರೆಯ ಇಬ್ಬರು ಹೆಂಗಸರು ನಗುನಗುತ್ತ ಅತ್ತರಿನ ಭಟ್ಟಿಯ ಪಕ್ಕದ ಕಲ್ಲಿನ ತೊಟ್ಟಿಯಿಂದ ನೀರು ತುಂಬಿಕೊಳ್ಳುತ್ತಿದ್ದರು. ಅವರ ಹಿಂದೆ ಇನ್ನಿಬ್ಬರು ಬರಿಗೊಡ ಹಿಡಿದು ನಿಂತಿದ್ದರು. ನೋಡಲು ಚೆಂದವಾಗಿತ್ತು. ನಾಲ್ಕೂಕಾಲಿನ ಹೊತ್ತಿಗೆ ಆ ಮನೆಯಲ್ಲಿ ಬೆಂಕಿ ಎದ್ದಿತ್ತು.

ಪರಸ್ಥಳಕ್ಕೆ ಹೋಗಿಬಂದವರು ಅಲ್ಲಿಯ ಕೋಟೆ, ಗುಡಿ, ಪೇಟೆಗಳನ್ನು ಬಣ್ಣಿಸಿ ಬರೆಯುತ್ತಾರೆ. ನನ್ನಿಂದ ಅದಾಗದು. ಪರ್ವತಿ ಗುಡ್ಡವನ್ನು ಅದೇ ಮಾಡಿಯ ಕಿಟಕಿಯಿಂದ ನೋಡಿದೆ, ಹತ್ತಲಿಲ್ಲ. ನಾನು ಪುಣೆಯಿಂದ ತಂದದ್ದು ಒಂದು ವಾಸನೆ, ಒಂದು ಸದ್ದು. ಇಂದಿಗೂ ಹಾಲು ಉಕ್ಕುವ ಮುಂಚಿನ ಸುಯ್ ಎಂಬ ಸಪ್ಪಳ ಕೇಳಿದರೆ ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ನಿಲ್ಲುತ್ತೇನೆ. ಆದದ್ದನ್ನು ಆದ ಹಾಗೆಯೇ ಒಮ್ಮೆ ಬರೆದಿಡಬೇಕೆಂದು ನಿರ್ಧರಿಸಿ ಕುಳಿತಿದ್ದೇನೆ.

ಮಿರಜ ದಾಟಿದ ಮೇಲೆ

ನಾನು ಪುಣೆಗೆ ಹೋದದ್ದು ನೋಡಲಿಕ್ಕಲ್ಲ, ಕರೆತರಲಿಕ್ಕೆ. ನನ್ನ ಅಕ್ಕ ಸುಭದ್ರೆಯನ್ನು ಅಲ್ಲಿಗೆ ಕೊಟ್ಟಿತ್ತು. ಅವಳ ಅತ್ತೆಯ ಮನೆಯವರು ಮೂಲತಃ ನಮ್ಮ ಧಾರವಾಡದ ಕಡೆಯವರೇ, ಎರಡು ತಲೆಮಾರಿನ ಹಿಂದೆ ಹೋಗಿ ನೆಲೆಸಿದವರು. ಭಾವ ಮನೆಯ ಹಿತ್ತಲಲ್ಲಿ ಸಣ್ಣ ಭಟ್ಟಿ ಇಟ್ಟುಕೊಂಡು ಅತ್ತರು ಇಳಿಸುತ್ತಿದ್ದ. ಅವನು ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಕ ತವರಿಗೆ ಬರಲಿಲ್ಲ, ಭಟ್ಟಿಯನ್ನೂ ಆರಿಸಲಿಲ್ಲ.

ಆ ವರ್ಷ ನಾನು ಕಾಲೇಜು ಮುಗಿಸಿ ಹೈಸ್ಕೂಲಿನಲ್ಲಿ ಮಾಸ್ತರಿಕೆ ಹಿಡಿದಿದ್ದೆ. ಬೇಸಿಗೆಯ ರಜೆ ಸುರುವಾದದ್ದೇ ಅಪ್ಪ ಕರೆದು ಹೇಳಿದ: "ಗಂಡ ಇಲ್ಲದ ಮನ್ಯಾಗ ಆಕಿ ಕಟಗಿ ಉರಿ ಮುಂದ ಕೂತು ದುಡಿಯೂದು ನನಗ ಸೇರೂದಿಲ್ಲ. ನೀ ಹೋಗು. ಆಕಿನ್ನ ಕರಕೊಂಡ ಬಾ. ಒಬ್ಬಾಂವನ ಬಂದರ ನನಗ ಮಾರಿ ತೋರಿಸಬ್ಯಾಡ."

ಅಪ್ಪನ ಮಾತನ್ನು ಗಂಟು ಹಾಕಿಕೊಂಡೇ ಗಾಡಿ ಹತ್ತಿದೆ. ಬೆಳಗಾವಿಯವರೆಗೆ ಗಾಳಿಯಲ್ಲಿ ತಂಪಿತ್ತು. ಮಿರಜ ದಾಟುತ್ತಲೇ ಕಿಟಕಿಯ ಕಬ್ಬಿಣ ಮುಟ್ಟದಷ್ಟು ಕಾಯಿತು. ಅಮ್ಮ ಕಟ್ಟಿಕೊಟ್ಟಿದ್ದ ನೀರಿನ ಮಣ್ಣಿನ ಕೂಜೆಯ ಮೇಲೆ ಯಾರೋ ಟ್ರಂಕು ಇಟ್ಟು ಅದನ್ನು ಎರಡು ಹೋಳು ಮಾಡಿದರು. ನನ್ನ ಬೆವರು ನೋಡಿ ಕನಿಕರಪಟ್ಟ ಎದುರಿನ ಕೆಂಪು ರುಮಾಲಿನ ವ್ಯಾಪಾರಿ ಕಿಸೆಯಿಂದ ಸಣ್ಣ ಕುಪ್ಪಿ ತೆಗೆದ. ಹತ್ತಿಯ ಚೂರಿಗೆ ಅತ್ತರು ತಾಗಿಸಿ, ಕೇಳದೆಯೇ ನನ್ನ ಕಿವಿಯ ಮಡಿಕೆಯಲ್ಲಿ ತುರುಕಿ, "ಈಗ ನೋಡ್ರಿ ಮಾಸ್ತರ, ಪುಣೆತನಕಾ ಬಾದಶಹಾ ಆಗಿ ಹೋಗ್ತೀರಿ" ಅಂದ. ನಮ್ಮ ಊರಲ್ಲಿ ಗುರುತಿಲ್ಲದವನ ಕಿವಿಗೆ ಕೈ ಹಾಕಿದರೆ ಜಗಳವಾಗುತ್ತದೆ. ಇಲ್ಲಿ ಸುತ್ತ ಕುಳಿತ ಎಲ್ಲರ ಕಿವಿಯಲ್ಲೂ ಹತ್ತಿಯಿತ್ತು. ನಾನು ನಮಸ್ಕರಿಸಿದೆ. ಸಾತಾರೆಯ ಹೊತ್ತಿಗೆ ನನಗೆ ತಲೆನೋವು ಹಿಡಿದಿತ್ತು.

ವಾಡೆ

ಪುಣೆಯ ಹಳೆಯ ಮನೆಗಳಿಗೆ ವಾಡೆ ಎನ್ನುತ್ತಾರೆ. ಆನೆ ಹೋಗುವಂಥ ದೊಡ್ಡ ಬಾಗಿಲು ಮುಚ್ಚೇ ಇರುತ್ತದೆ. ಆ ಬಾಗಿಲಲ್ಲೇ ಕೊರೆದ ಒಂದು ದಿಂಡಿ, ಎಂದರೆ ಒಬ್ಬರೇ ಬಗ್ಗಿ ನುಸುಳಬಹುದಾದ ಕಿರುಬಾಗಿಲು, ಅದೇ ದಾರಿ. ನಾನು ಎದೆಯುಬ್ಬಿಸಿಕೊಂಡು ಬಂದವನು ಅದಕ್ಕೆ ಹಣೆ ಕೊಟ್ಟು ಒಳಗೆ ಬಿದ್ದೆ. ಅಕ್ಕ ಓಡಿಬಂದು ಎಬ್ಬಿಸಿದವಳು ಮುಖ ನೋಡುವ ಮೊದಲು ಮೂಗು ಅರಳಿಸಿದಳು.

"ಏ ರಾಘು, ಹೀನಾ ಅತ್ತರು ಹಚಗೊಂಡ ಬಂದೀಯೇನೋ? ಈ ಬಿಸಲಾಗ?"

"ಗಾಡ್ಯಾಗ ಯಾರೋ ಕಿವ್ಯಾಗ ಇಟ್ರು."

"ಅದು ಥಂಡಿಗೆ ಹಚ್ಚೂದು. ಮೈ ಕಾಯಸ್ತದ. ಬ್ಯಾಸಗಿಗೆ ಕಂಬಳಿ ಹೊಚಗೊಂಡ ಬಂದಂಗ ಆತು!" ಎಂದು ನಗುತ್ತ ಕಿವಿಯ ಹತ್ತಿಯನ್ನು ಕಿತ್ತೊಗೆದು ನನ್ನನ್ನು ನೀರಿನ ಮನೆಗೆ ದೂಡಿದಳು.

ಅವಳು ನಗುವುದನ್ನು ಎರಡು ವರ್ಷದ ಮೇಲೆ ನೋಡಿದ್ದೆ. ಕರೆಯಲು ಬಂದೆನೆಂದು ಅಂದು ಹೇಳಲಾಗಲಿಲ್ಲ.

ಮನೆಯಲ್ಲಿ ಅಕ್ಕನ ಹೊರತು ಮೂವರು. ಅತ್ತೆ ಉಮಾಬಾಯಿ, ಗಂಡನನ್ನು ಕಳೆದುಕೊಂಡು ಬಹಳ ವರ್ಷವಾದ ಮಡಿ ಹೆಂಗಸು; ಮಗನಿಗೆ ಆಈ, ಎಂದರೆ ತಾಯಿ; ಮನೆಯ ಉಳಿದವರೆಲ್ಲ ಅತ್ಯಾ ಎನ್ನುತ್ತಿದ್ದರು. ಅವರ ಹಿರಿಯ ಮಗ ವಾಸುದೇವರಾಯರು ಕ್ಯಾಂಪು ಎನ್ನುವ ದಂಡು ಪ್ರದೇಶದ ಒಂದು ಕಚೇರಿಯಲ್ಲಿ ಕಾರಕೂನರು, ಅವರು ದಾದಾ. ಅವರ ಹೆಂಡತಿ ವಹಿನಿ. ಒಳಗೆ ನಮ್ಮ ಕನ್ನಡ, ದಿಂಡಿ ದಾಟಿದರೆ ಮರಾಠಿ. ಸಿಟ್ಟು ಬಂದರೆ ಎರಡೂ ಕೂಡಿ.

ಬೇಸಿಗೆಯನ್ನು ಈ ಜನ ಮೂಗಿನಿಂದ ಗೆಲ್ಲುತ್ತಾರೆ. ನಮ್ಮಲ್ಲಿ ಸೆಕೆಯಾದರೆ ಮಜ್ಜಿಗೆ ಕುಡಿದು ಕಟ್ಟೆಗೆ ಹೋಗಿ ಗಾಳಿಗೆ ಕೂಡುತ್ತೇವೆ. ಗಾಳಿ ಬಾರದಿದ್ದರೆ ಬೈಯುತ್ತೇವೆ. ಇಲ್ಲಿ ಕುಡಿಯುವ ನೀರಿನ ಹರವಿಯಲ್ಲಿ ಲಾವಂಚದ ಬೇರಿನ ಸಣ್ಣ ಕಟ್ಟು. ಇವರು ಅದಕ್ಕೆ ವಾಳಾ ಎನ್ನುತ್ತಾರೆ. ಹಾಸಿಗೆಯ ಬದಿಗೆ ಮೊಗ್ಗು ಮಲ್ಲಿಗೆ. ಕಚೇರಿಗೆ ಹೊರಟ ದಾದಾನ ಕರವಸ್ತ್ರಕ್ಕೆ ಗುಲಾಬಿ ನೀರು. ಕಿಟಕಿಗಳಿಗೆ ಮತ್ತು ಪಡಸಾಲೆಯ ಕಂಬಗಳ ನಡುವೆ ಲಾವಂಚದ ಬೇರು ನೇಯ್ದ ದಪ್ಪ ಪರದೆಗಳು. ಮಧ್ಯಾಹ್ನ ಅವಕ್ಕೆ ನೀರು ಚಿಮುಕಿಸಿದರೆ, ಬೆಂಕಿಯಂತೆ ಬಂದ ಗಾಳಿ ಪರದೆ ದಾಟುವಷ್ಟರಲ್ಲಿ ಮೊದಲ ಮಳೆ ಬಿದ್ದ ಹೊಲದ ಮೇಲಿನದಾಗುತ್ತಿತ್ತು. ನಾನು ಮೊದಲ ದಿನ ಪರದೆಗೆ ಮುಖ ಒತ್ತಿ ನಿಂತಿದ್ದನ್ನು ನೋಡಿ ವಹಿನಿ, "ನಿಮ್ಮ ತಮ್ಮ ಪಡದಾ ತಿಂತಾನೇನ್ರಿ?" ಎಂದು ಅಕ್ಕನನ್ನು ಕೇಳಿದರು.

ಹಿತ್ತಲಲ್ಲಿ ಭಟ್ಟಿ. ಮಣ್ಣಿನ ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆ. ಅದರಲ್ಲಿ ನೀರು ಮತ್ತು ಲಾವಂಚದ ಬೇರು. ಮುಚ್ಚಳದ ಸಂದಿಗೆ ಹತ್ತಿ ಕಲಸಿದ ಜೇಡಿಮಣ್ಣಿನ ಬಿಗಿ ಮೆತ್ತನೆ. ಮುಚ್ಚಳದಿಂದ ಹೊರಟ ಹಗ್ಗ ಸುತ್ತಿದ ಬಿದಿರಿನ ಕೊಳವೆ, ಪಕ್ಕದ ಕಲ್ಲಿನ ತೊಟ್ಟಿಯ ನೀರಲ್ಲಿ ಕತ್ತಿನವರೆಗೆ ಮುಳುಗಿದ ತಾಮ್ರದ ಕುಪ್ಪಿಗೆ ಇಳಿಯುತ್ತಿತ್ತು. ಕುಪ್ಪಿಯ ತಳದಲ್ಲಿ ಗಂಧದೆಣ್ಣೆ. ಬೇರಿನ ಆವಿ ಬಂದು ತಂಪಾಗಿ ತನ್ನ ವಾಸನೆಯನ್ನು ಆ ಎಣ್ಣೆಗೆ ಕೊಟ್ಟುಬಿಡುತ್ತದೆ.

"ಉರಿಕಿಂತಾ ನೀರು ದೊಡ್ಡದು" ಎಂದು ಅಕ್ಕ ತೋರಿಸಿದಳು. "ತೊಟ್ಟ್ಯಾಗ ತಣ್ಣೀರು ತುಂಬಿತ್ತಂದ್ರ ಹಂಡೆ ಕೂಸಿನಂಗ ಮಲಗಿರ್ತದ. ನೀರು ಇಳೀತಂದ್ರ ಕುಪ್ಪಿ ಕಾಯ್ತದ. ಕುಪ್ಪಿ ಕಾಯ್ತಂದ್ರ ಹಬೆ ಇಳೀಲಿಕ್ಕೆ ಜಾಗಾ ಇಲ್ಲ, ಹೊಳ್ಳಿ ಬಂದು ಮುಚ್ಚಳಾ ಒದೀತದ."

ಮರುದಿನ ಸಂಜೆ ಅಪ್ಪನ ಮಾತು ತಿಳಿಸಿದೆ. ಅವಳು ಒಲೆಯ ಬೂದಿ ಬಾಚುತ್ತಿದ್ದಳು. ಬಾಚುವುದನ್ನು ನಿಲ್ಲಿಸಲಿಲ್ಲ.

"ಅಲ್ಲೆ ಬಂದು ಏನ್ ಮಾಡ್ಲಿ?"

"ಇರ್ತೀ. ಅವ್ವ ಅದಾಳ, ಅಪ್ಪ ಅದಾನ."

"ಇರೂದು ಇಲ್ಲೂ ಇದ್ದೀನಿ, ರಾಘು. ಅಲ್ಲೆ ನಾ ಕೂತು ಉಣ್ಣೋ ಮಗಳು. ಇಲ್ಲೆ ಕ್ಯಾಂಪಿನ ಮೇಡಮ್ಮಗೋಳು ಗಾಡಿ ಕಳಿಸಿ ನನ್ನ ವಾಳಾನ ಬೇಕಂತಾರ. ಅತ್ಯಾ ಇರೋತನಕಾ ಯಾರೂ ನನ್ನ ಏಳು ಅನ್ನೂದಿಲ್ಲ."

"ನಾ ಬಿಟ್ಟು ಹೋಗಾಂವಲ್ಲ" ಎಂದೆ. "ನಾ ಬರಾಕಿಯಲ್ಲ" ಎಂದಳು. ಇಬ್ಬರೂ ಒಂದೇ ತಾಯಿಯ ಮಕ್ಕಳೆಂಬುದು ಅಲ್ಲಿ ಯಾರಿಗಾದರೂ ತಿಳಿಯುತ್ತಿತ್ತು.

ಚೈತ್ರಗೌರಿ

ಚೈತ್ರ ಮಾಸದಲ್ಲಿ ಪುಣೆಯ ಮನೆಮನೆಯಲ್ಲೂ ಗೌರಿಯನ್ನು ತೊಟ್ಟಿಲಲ್ಲಿ ಕೂಡಿಸಿ, ಒಂದು ದಿನ ಓಣಿಯ ಮುತ್ತೈದೆಯರನ್ನೆಲ್ಲ ಕರೆಯುತ್ತಾರೆ. ಬಂದವರ ಕಾಲು ತೊಳೆದು, ಅರಿಷಿಣ-ಕುಂಕುಮ ಕೊಟ್ಟು, ಮುಂಗೈಗೆ ಅತ್ತರು ಹಚ್ಚಿ, ಗುಲಾಬಿ ನೀರು ಚಿಮುಕಿಸಿ, ಸೆರಗಿಗೆ ನೆನೆಸಿದ ಕಡಲೆಯ ಉಡಿ ತುಂಬುತ್ತಾರೆ. ಮಾವಿನಕಾಯಿ ಹಾಕಿದ ಕಡಲೆಬೇಳೆ ಕೋಸಂಬರಿ, ಮಾವಿನಕಾಯಿ ಪಾನಕ. ಅಂಗಳದ ತುಂಬ ಹೆಂಗಸರು ಸೇರಿದ್ದರು. ಗಂಡನಿಲ್ಲದ ಅತ್ಯಾ ಮತ್ತು ಅಕ್ಕ ಆ ಸಂಭ್ರಮದ ಎದುರಿಗೆ ಬರುವಂತಿಲ್ಲ. ಎಲ್ಲರ ಮುಂಗೈಗೆ ಹಚ್ಚಿದ ಅತ್ತರು ಮಾತ್ರ ಅಕ್ಕ ಇಳಿಸಿದ್ದು.

ಅತ್ಯಾ ಅಡಿಗೆಮನೆಯಲ್ಲಿದ್ದರು. ಅಕ್ಕ ಭಟ್ಟಿಯ ಮುಂದಿದ್ದಳು. ಕೋಸಂಬರಿ ಕಡಿಮೆ ಬೀಳುವಂತೆ ಕಂಡು ಅತ್ಯಾ, "ಸುಭದ್ರಾ, ಬ್ಯಾಳಿ ರುಬ್ಬಿ ಕೊಟ್ಟು ಹೋಗು" ಎಂದು ಕೂಗಿದರು. ಅಕ್ಕ ತೊಟ್ಟಿಯ ನೀರಲ್ಲಿ ಕೈ ಅದ್ದಿ, ಕುಪ್ಪಿಯ ಕತ್ತು ಮುಟ್ಟಿ, ಒಲೆಯ ಕಟ್ಟಿಗೆ ಎರಡನ್ನು ಹಿಂದೆಳೆದು ಒಳಗೆ ಹೋದದ್ದನ್ನು ನಾನು ಮಾಡಿಯಿಂದ ನೋಡಿದೆ. ತೊಟ್ಟಿ ಅಂಚಿನವರೆಗೂ ತುಂಬಿತ್ತು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಕಾಲು ತೊಳೆಯುವ ನೀರು ತೀರಿತು. ನಲ್ಲಿ ಮಧ್ಯಾಹ್ನವೇ ನಿಂತಿತ್ತು. ಅಕ್ಕ ಒಳಕೋಣೆಯಲ್ಲಿ ಒರಳಿನ ಸದ್ದಿನಲ್ಲಿದ್ದಳು; ಅಡಿಗೆಮನೆಯ ಕಿಟಕಿಯಿಂದ ಅತ್ಯಾನ ದನಿ ನನಗೆ ಕೇಳಿತು: "ಹಿತ್ತಲದಾಗಿನ ತೊಟ್ಟೀದು ತೊಗೊಳ್ರಿ. ಅದಕ್ಕ ವಾಳಾದ ವಾಸನಿ ಅದ. ಕಾಲು ತೊಳಕೊಂಡವರು ವರ್ಷಗಟ್ಟಲೆ ನೆನೀಬೇಕು ನಮ್ಮ ಮನೀನ." ಮನೆಯ ಹಿರಿಮೆ ತೋರಿಸಲು ಅದಕ್ಕಿಂತ ಒಳ್ಳೆಯ ನೀರು ಅವರಿಗೆ ಬೇರೆಲ್ಲಿ ಸಿಗಬೇಕು? ಕರೆದದ್ದೇ ತಡ, ಓಣಿಯ ಹುಡುಗುತನದ ಸೊಸೆಯಂದಿರು ಕೊಡ ಹಿಡಿದು ಬಂದರು. ಉಳಿದದ್ದನ್ನು ನಾನು ಆಗಲೇ ಹೇಳಿದ್ದೇನೆ. ಉರಿಗಿಂತ ನೀರು ದೊಡ್ಡದೆಂಬ ಅಕ್ಕನ ಮಾತು ಆಗ ನನಗೆ ನೆನಪಾಗಲಿಲ್ಲ.

ಕಾಲು ತೊಳೆದಾದ ಮೇಲೆ ಕೊಡಗಳಲ್ಲಿ ಉಳಿದ ನೀರನ್ನು ಪರದೆಗಳಿಗೂ ಹೊಯ್ದರು. ಅಂಗಳದ ಎಲ್ಲ ಪರದೆಗಳೂ ತೊಟ್ಟಿಕ್ಕುವಷ್ಟು ನೆನೆದವು.

ಗಡಿಯಾರದ ಗಾಜು ಮುಚ್ಚುತ್ತಿದ್ದೆ. ಕೆಳಗಿನಿಂದ ಸುಯ್ ಎಂದು ಸಣ್ಣ ಸಿಳ್ಳೆ ಕೇಳಿತು. ಮೊದಲು ಯಾರೋ ಪೀಪಿ ಊದುತ್ತಿದ್ದಾರೆಂದುಕೊಂಡೆ. ಸಿಳ್ಳೆ ದಪ್ಪಗಾಯಿತು. ಕಿಟಕಿಗೆ ಬರುವಷ್ಟರಲ್ಲಿ ಮುಚ್ಚಳದ ಸುತ್ತ ಮಣ್ಣು ಬಿರಿದು ಬಿಳಿ ಹಬೆ ಹಾರುತ್ತಿತ್ತು. ತೊಟ್ಟಿಯ ತಳದಲ್ಲಿ ಕುಪ್ಪಿ ನೀರಿಲ್ಲದೆ ನಿಂತಿತ್ತು. ಆಮೇಲೆ ಢಮ್ ಎಂದಿತು. ಮುಚ್ಚಳ ನನ್ನ ಕಿಟಕಿಯ ಎತ್ತರಕ್ಕೆ ಬಂದು ಹೋದದ್ದನ್ನು ನಾನು ಕಂಡೆ. ಹಂಡೆ ವಾಲಿ ಒಲೆಯ ಒಂದು ಪಕ್ಕ ಒಡೆಯಿತು. ಉರಿಯುವ ಕೊರಡು ಉರುಳಿ, ಗೋಡೆಗೆ ಒಟ್ಟಿದ ಒಣ ಲಾವಂಚದ ರಾಶಿಯೊಳಗೆ ಹೊಕ್ಕಿತು. ಒಣ ಬೇರು ಹತ್ತಿಕೊಳ್ಳಲು ಯೋಚಿಸುವುದಿಲ್ಲ. ಜ್ವಾಲೆ ಮೇಲಿನ ಸಾಗವಾನಿ ತೊಲೆಯನ್ನು ನೆಕ್ಕಿತು. ವಾಡೆಯಲ್ಲಿ ಕಟ್ಟಿಗೆಯಲ್ಲದ್ದು ನೆಲ ಒಂದೇ.

ಏಣಿಯಂಥ ಮೆಟ್ಟಿಲನ್ನು ಹೇಗೆ ಇಳಿದೆನೋ ತಿಳಿಯದು. ಅಂಗಳದಲ್ಲಿ ಹೊಗೆ ಬಂದಿತ್ತು. ಎಲ್ಲರೂ ದಿಂಡಿಯ ಕಡೆಗೆ ನುಗ್ಗಿದ್ದರು. ದೊಡ್ಡ ಬಾಗಿಲಿನ ಅಡ್ಡಮರವನ್ನು ಎಷ್ಟೋ ವರ್ಷದಿಂದ ತೆಗೆದಿರಲಿಲ್ಲ, ಅದು ಜಗ್ಗಲಿಲ್ಲ. ಸೆರಗುಗಳಿಂದ ಉದುರಿದ ನೆನೆಸಿದ ಕಡಲೆ ಕಾಲಡಿಯಲ್ಲಿ ಉರುಳುತ್ತಿತ್ತು. ಅದರ ಮೇಲೆ ಕಾಲಿಟ್ಟ ಒಬ್ಬ ಮುದುಕಿ ದಿಂಡಿಯ ಹೊಸ್ತಿಲ ಮೇಲೆಯೇ ಅಡ್ಡ ಬಿದ್ದರು. ಅರ್ಧ ಹೊರಗೆ, ಅರ್ಧ ಒಳಗೆ. ದಾರಿ ಮುಚ್ಚಿತು. ಹಿಂದಿನವರು ಮುಂದಿನವರ ಮೇಲೆ ಬೀಳತೊಡಗಿದರು. ಯಾರೋ ಕೂಗುತ್ತಿದ್ದರು, ಯಾರ ಕೈಯೋ ನನ್ನ ಅಂಗಿಯನ್ನು ಹರಿಯಿತು. ಈ ಒಂದು ಗಳಿಗೆಯೇ ನನಗೆ ಮತ್ತೆ ಮತ್ತೆ ಬರುವುದು. ಬರುವಾಗ ಪ್ರತಿಸಾರಿಯೂ ದಿಂಡಿ ಇನ್ನೂ ಚಿಕ್ಕದಾಗಿರುತ್ತದೆ.

ಹೆಂಗಸರ ನಡುವೆ ಮೈ ತೂರಿಸಿ ಮುದುಕಿಯ ಎರಡೂ ಕಂಕುಳಿಗೆ ಕೈ ಹಾಕಿ ಹೊರಗೆ ಎತ್ತಿ ನೂಕಿದೆ. ಅವರು ಬೀದಿಯಲ್ಲಿ ಕುಳಿತು, "ಮುಟ್ಟಿದ್ಯಾ ನನ್ನ! ಯಾರವನೋ ನೀ? ನನ್ನ ಚಪ್ಪಲಿ ಒಳಗದಾವು!" ಎಂದು ಮರಾಠಿಯಲ್ಲಿ ಬೈದರು. ಆ ಬೈಗುಳದಷ್ಟು ಇಂಪಾದ ಮಾತನ್ನು ನಾನು ಕೇಳಿಲ್ಲ. ದಿಂಡಿ ತೆರವಾಗಿತ್ತು. ನಾನು ಪಕ್ಕಕ್ಕೆ ನಿಂತು ಒಬ್ಬೊಬ್ಬರ ತಲೆಯನ್ನೂ ಕೈಯಿಂದ ಬಗ್ಗಿಸಿ ಹೊರಗೆ ದಾಟಿಸಿದೆ.

ಆಗ ಹಿಂದಿನಿಂದ ಅಕ್ಕನ ದನಿ: "ರಾಘು! ಪಡದಾ ಕೀಳು!"

ತಿರುಗಿ ನೋಡಿದರೆ ಅವಳು ಕಂಬದಿಂದ ಕಂಬಕ್ಕೆ ಹೋಗಿ ಒದ್ದೆ ಲಾವಂಚದ ಪರದೆಗಳನ್ನು ಹಗ್ಗ ಸಮೇತ ಕಿತ್ತು ಎಳೆಯುತ್ತಿದ್ದಳು. ಮಡಿಯುಟ್ಟ ಅತ್ಯಾ ಇನ್ನೊಂದು ತುದಿ ಹಿಡಿದಿದ್ದರು. ಮುತ್ತೈದೆಯರ ಅಂಗಳದ ನಡುವೆ, ಯಾರ ಎದುರಿಗೂ ಬರಬಾರದಿದ್ದ ಇಬ್ಬರು. ನಾನು ಮೂರನೆಯವನಾದೆ. ನೆನೆದ ಪರದೆ ಹೆಣದಷ್ಟು ಭಾರ. ಒಂದನ್ನು ಹೊತ್ತೊಯ್ದು ಉರಿಯುವ ರಾಶಿಯ ಮೇಲೆ ಎಸೆದೆವು. ಇನ್ನೊಂದನ್ನು ತೊಲೆಯ ಬುಡಕ್ಕೆ ಒತ್ತಿದೆವು. ಅಕ್ಕ ಪರದೆಯನ್ನು ಎರಡೂ ಕೈಯಿಂದ ತೊಲೆಗೆ ಅಪ್ಪಿ ಹಿಡಿದು ನಿಂತುಬಿಟ್ಟಳು. ಹೊಗೆ ಕಪ್ಪಾಗಿ, ಬೂದಾಗಿ, ಬಿಳಿಯಾಯಿತು. ಆಮೇಲೆ ಬೆಂಕಿಯ ಮನೆಯಲ್ಲೆಲ್ಲ ಮೊದಲ ಮಳೆಯ ವಾಸನೆ ಹಬ್ಬಿತು. ಎಂಥ ತಂಪಾದ ವಾಸನೆ! ನನಗೆ ಅಲ್ಲೇ ವಾಂತಿಯಾಯಿತು.

ಶನಿವಾರ, ಕರಿ ಗೋಡೆ

ಯಾರೂ ಸಾಯಲಿಲ್ಲ. ಅಕ್ಕನ ಮುಂಗೈಗಳು ಮೊಣಕೈವರೆಗೆ ಬೊಬ್ಬೆ ಎದ್ದಿದ್ದವು. ಅತ್ಯಾ ಗಳಿಗೆಗೊಮ್ಮೆ ಲೋಳಸರ ಸೀಳಿ ಹಚ್ಚುತ್ತಿದ್ದರು. ಹಚ್ಚುವಾಗ ಅಕ್ಕನ ಮುಖ ನೋಡುತ್ತಿರಲಿಲ್ಲ.

ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಸಿಳ್ಳೆ. ಊಟಕ್ಕೆ ಕುಳಿತರೆ ಎಲೆಯಲ್ಲಿ ಕಡಲೆ ಉರುಳಿದಂತೆ ಕಾಣುತ್ತಿತ್ತು. ಹರವಿಯ ನೀರಲ್ಲಿದ್ದ ಲಾವಂಚದ ಕಟ್ಟನ್ನು ತೆಗೆಯಿರೆಂದು ವಹಿನಿಗೆ ಕೇಳಿಕೊಂಡೆ. ಅವರು ನಗಲಿಲ್ಲ, ತೆಗೆದರು. ಇಡೀ ಪುಣೆ ಬೇಸಿಗೆಯಲ್ಲಿ ಇದೇ ವಾಸನೆಯಾಗಿರುತ್ತದೆ. ಬೀದಿಗೆ ಹೋದರೆ ಶರಬತ್ತಿನ ಅಂಗಡಿ. ಗುಡಿಗೆ ಹೋದರೆ ದೇವರಿಗೆ ಲಾವಂಚದ ಬೀಸಣಿಕೆ. ಜನ ತಂಪಿಗೆಂದು ಆಸೆಯಿಂದ ಎಳೆದುಕೊಳ್ಳುವ ಉಸಿರನ್ನು ನಾನು ಮೂಗು ಮುಚ್ಚಿ ದಾಟುತ್ತಿದ್ದೆ.

ಆದರೆ ಮನಸ್ಸು ಆ ಗಳಿಗೆಯನ್ನು ತಿರುವಿದಾಗಲೆಲ್ಲ ಅದು ಢಮ್ ಎಂಬಲ್ಲಿಂದ ಸುರುವಾಗುತ್ತಿರಲಿಲ್ಲ. ನಗುವ ಇಬ್ಬರು ಹೆಂಗಸರು, ಅವರ ಹಿಂದೆ ಇಬ್ಬರು, ಮತ್ತೆ ಬರಿಗೊಡಗಳು, ಮತ್ತೆ ಇಳಿಯುವ ನೀರು. ಅಲ್ಲಿಂದಲೇ ಸುರುವಾಗುತ್ತಿತ್ತು.

ಭಾನುವಾರ, ಪಡಸಾಲೆ

ದಾದಾ ಒಳ್ಳೆಯ ಮನುಷ್ಯ. ಆದರೆ ಹೆದರಿದ ಮನುಷ್ಯ. ಕಚೇರಿಯಿಂದ ಬಂದಾಗ ತನ್ನ ಮನೆಯ ಹೆಂಗಸರೆಲ್ಲ ಬೀದಿಯಲ್ಲಿ ನಿಂತದ್ದನ್ನು ನೋಡಿದವನು. ಭಾನುವಾರ ಊಟವಾದ ಮೇಲೆ ಎಲ್ಲರನ್ನೂ ಪಡಸಾಲೆಗೆ ಕರೆದ. ಪರದೆಗಳಿಲ್ಲದ ಪಡಸಾಲೆಯಲ್ಲಿ ಬಿಸಿಲು ಒಳಗೇ ಬಂದು ಕುಳಿತಿತ್ತು.

"ಭಟ್ಟಿ ಬಿಟ್ಟು ಎದ್ದು ಹೋದ್ಲು. ಅದಕ್ಕ ಹಿಂಗಾತು" ಎಂದು ಸುರುಮಾಡಿದ. "ನಾ ಯಾರಿಗೂ ಬಯ್ಯೂದಿಲ್ಲ. ಆದ್ರ ಬಸ್ಸ್. ಹಂಡೆ ತಾಂಬಟಗಾರಗ ಕೊಟ್ಟುಬಿಡ್ತೀನಿ. ರಾಘವೇಂದ್ರ, ನೀವು ಅಕ್ಕಾನ ಕರಕೊಂಡ ಹೋಗಲಿಕ್ಕೇ ಬಂದೀರಿ ಅಂತ ನನಗ ಗೊತ್ತದ. ಕರಕೊಂಡ ಹೋಗ್ರಿ. ಯಾಕಂದ್ರ ಮತ್ತೊಮ್ಮೆ ಈ ಮನ್ಯಾಗ ಆ ಒಲಿ ಹತ್ತಬಾರದು."

ನಾನು ಧಾರವಾಡದಿಂದ ಯಾವುದಕ್ಕೆ ಬಂದಿದ್ದೆನೋ ಅದನ್ನು ತಟ್ಟೆಯಲ್ಲಿಟ್ಟು ಮುಂದೆ ಸರಿಸಿದ್ದರು. ನಾನು ಬಾಯಿ ಮುಚ್ಚಿಕೊಂಡು ಕೂತರೆ ಸಾಕಾಗಿತ್ತು. ಅಪ್ಪನಿಗೆ ಮುಖ ತೋರಿಸಬಹುದಿತ್ತು.

ಅಕ್ಕನ ಕಡೆ ನೋಡಿದೆ. ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಬರಿದಾದ ತೊಟ್ಟಿಯನ್ನು ಅವಳೂ ನೋಡಿದ್ದಳು. ನೀರನ್ನು ಯಾರು ತೆಗೆಸಿರಬಹುದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಬೆಳಿಗ್ಗೆಯೇ ನನ್ನನ್ನು ಬದಿಗೆ ಕರೆದು ಅಂದಿದ್ದಳು: "ನೀ ಮಾಡೀ ಮ್ಯಾಲಿಂದ ಏನು ನೋಡೀದೀ, ಅದು ನಿನ್ನ ಕಣ್ಣಾಗs ಇರ್ಲಿ. ಅತ್ಯಾನ ಕಡೆ ಬಟ್ಟು ಮಾಡಬ್ಯಾಡ. ಅವರು ಆ ಪಡದಾದ ತುದಿ ಹಿಡದಾರ."

ಒಂದು ಕಡೆ ಅಪ್ಪನ ಮಾತು, ಒಂದು ಕಡೆ ಅಕ್ಕನ ಮಾತು. ಎರಡೂ ನನಗೆ ಸುಮ್ಮನಿರು ಎಂದೇ ಹೇಳುತ್ತಿದ್ದವು. ಆದರೆ ಅಕ್ಕ ತುಂಬಿದ ತೊಟ್ಟಿಯನ್ನು ಮುಟ್ಟಿ ನೋಡಿ ಎದ್ದು ಹೋದದ್ದನ್ನು ಕಂಡವನು ನಾನೊಬ್ಬನೇ. ಸುಮ್ಮನಿದ್ದರೆ ಅಕ್ಕ ಮಾಡದ ತಪ್ಪನ್ನು ಟ್ರಂಕಿನ ಜೊತೆ ಹೊತ್ತು ನಮ್ಮ ಮನೆಗೆ ಬರುತ್ತಾಳೆ. ಅಂಥವಳನ್ನು ಕರೆದೊಯ್ಯುವುದು ಕರೆದೊಯ್ಯುವುದೇ ಅಲ್ಲ ಎನ್ನಿಸಿತು.

"ದಾದಾ" ಎಂದೆ. ಎದ್ದು ನಿಂತು ಗಟ್ಟಿಯಾಗಿ ಹೇಳಿದೆ: "ಅಕ್ಕ ಎದ್ದು ಹೋಗೂ ಮುಂಚೆ ನೀರಾಗ ಕೈ ಇಟ್ಟು ನೋಡಿ ಹೋಗ್ಯಾಳ. ತೊಟ್ಟಿ ತುಂಬಿತ್ತು. ನಾ ಕಿಟಕ್ಯಾಗಿಂದ ನೋಡೀನಿ. ಆಮ್ಯಾಲೆ ನೀರು..."

"ನಾ ತಗಿಸಿದ್ದು" ಎಂದರು ಅತ್ಯಾ.

ಎಲ್ಲರೂ ತಿರುಗಿದೆವು. ಅವರು ಅಡಿಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಸೀಳಿದ ಲೋಳಸರ ಹಿಡಿದು ನಿಂತಿದ್ದರು.

"ಆ ಪೋರನ ಬಾಯಾಗ ಯಾಕ ಬರಬೇಕು? ನಾ ಹೇಳ್ತೀನಿ. ಬಂದವರ ಕಾಲು ವಾಳಾದ ನೀರಿಲೆ ತೊಳೀಲಿ ಅಂತ ನಾನs ಅಂದೆ. ಆಕೀನ್ನ ಬ್ಯಾಳಿ ರುಬ್ಬಲಿಕ್ಕೆ ಕರದಾಕೀನೂ ನಾನs. ನಾಲ್ಕು ಮಂದಿ ಹೊಗಳಲಿ ಅಂತ ಮನಿ ಸುಡತಿದ್ದೆ." ಅಕ್ಕನ ಕೈ ತೋರಿಸಿ, "ಮೂರು ದಿನಾ ಆತು, ಆ ಕೈಗೆ ಔಷಧ ಹಚ್ಚಲಿಕತ್ತೀನಿ. ಆಕಿ ಒಂದು ಮಾತು ಅಂದಿಲ್ಲ. ಬೈದಿದ್ರ ನನಗ ಹಗುರ ಆಗತಿತ್ತು" ಎಂದರು.

ದಾದಾ ತಾಯಿಯ ಹತ್ತಿರ ಹೋದ. "ಆಈ, ನೀ..."

"ನಾನs. ಹಂಡೆ ಮಾರ್ತೀಯೇನು? ಮದಲು ನನ್ನ ಮಾರು."

ಅಷ್ಟು ಸಿಟ್ಟಿನ ನಡುವೆಯೂ ವಹಿನಿ, "ನಿಮ್ಮನ್ನ ಯಾರು ತೊಗೋತಾರ್ರಿ?" ಎಂದುಬಿಟ್ಟರು. ಅಕ್ಕ ತಲೆ ಬಗ್ಗಿಸಿದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಹತ್ತಿರ ಹೋದೆ. ನಗುತ್ತಿದ್ದಳು, ಅಳುತ್ತಲೂ ಇದ್ದಳು.

ದಾದಾ ಕರಿ ಗೋಡೆಯ ತನಕ ಹೋಗಿ ಬಂದು ಒಂದೇ ಮಾತು ಹೇಳಿದ. ಒಣ ಬೇರು ಇನ್ನು ಹಿತ್ತಲಲ್ಲಿ ಬೇಡ, ಅಟ್ಟಕ್ಕೂ ಬೇಡ, ಬೀದಿಯ ಆಚೆಯ ಕಲ್ಲಿನ ಕೋಣೆಯಲ್ಲಿ ಇರಲಿ. ದೊಡ್ಡ ಬಾಗಿಲಿನ ಅಡ್ಡಮರವನ್ನು ಅಂದು ಸಂಜೆಯೇ ಬಡಗಿಯನ್ನು ಕರೆಸಿ ತೆಗೆಸಿದ. ಬಾಗಿಲು ತೆರೆದಾಗ ಓಣಿಯ ನಾಯಿಗಳು ಬೊಗಳಿದವು. ಅಲ್ಲೊಂದು ಬಾಗಿಲಿದೆಯೆಂದು ಅವಕ್ಕೆ ಗೊತ್ತಿರಲಿಲ್ಲ.

ಮತ್ತೊಂದು ಶುಕ್ರವಾರ

ಒಬ್ಬನೇ ಊರಿಗೆ ಹೊರಡಬೇಕೆಂದು ತೀರ್ಮಾನಿಸಿದೆ. ಅಪ್ಪನಿಗೆ ಏನು ಹೇಳಬೇಕೆಂಬುದನ್ನೂ ತೀರ್ಮಾನಿಸಿಕೊಂಡೆ. ಶನಿವಾರ ನಸುಕಿನ ಗಾಡಿ. ನಿದ್ದೆ ಮಾತ್ರ ಇನ್ನೂ ಬಂದಿರಲಿಲ್ಲ. ಬೆಳಗಿನ ಜಾವ ಅರ್ಧ ಗಂಟೆ ಜೊಂಪು ಹತ್ತಿದರೆ ಹೆಚ್ಚು.

ಶುಕ್ರವಾರ ಅಕ್ಕ ಭಟ್ಟಿಗೆ ಹೊಸ ಮಣ್ಣು ಮೆತ್ತಿಸಿದಳು. ಅವಳ ಕೈ ಇನ್ನೂ ನೀರು ಕಾಣುವಂತಿರಲಿಲ್ಲ, ಆದ್ದರಿಂದ ವಹಿನಿ ಮೆತ್ತಿದರು, ಅಕ್ಕ ಹೇಳಿಕೊಟ್ಟಳು. ನಲ್ಲಿ ಅಂದೂ ಬೇಗ ನಿಂತಿತು. ತೊಟ್ಟಿ ಅರ್ಧವೂ ಆಗಿರಲಿಲ್ಲ.

"ಇವತ್ತ ಬ್ಯಾಡ ಬಿಡು" ಎಂದೆ, ಆಸೆಯಿಂದ.

ಅಷ್ಟರಲ್ಲಿ ತೆರೆದ ದೊಡ್ಡ ಬಾಗಿಲಿನಿಂದ, ಬಗ್ಗದೆ, ಆ ಮುದುಕಿ ಒಳಗೆ ಬಂದರು. ಕಂಕುಳಲ್ಲಿ ಹಿತ್ತಾಳೆಯ ಕೊಡ. ಅವರ ಹಿಂದೆ ಅಂದು ನೀರು ತುಂಬಿಕೊಂಡ ಇಬ್ಬರು, ಅವರ ಹಿಂದೆ ಇನ್ನಿಬ್ಬರು, ಆಮೇಲೆ ಓಣಿಯ ಎಷ್ಟೋ ಮಂದಿ. ತಮ್ಮ ತಮ್ಮ ಮನೆಯಲ್ಲಿ ಹಿಡಿದಿಟ್ಟ ನೀರು. ಯಾರು ಹೇಳಿ ಕಳಿಸಿದರೆಂದು ತಿಳಿಯಲು ಅಡಿಗೆಮನೆಯ ಕಿಟಕಿಯತ್ತ ನೋಡಿದೆ. ಕಿಟಕಿ ಆಗಷ್ಟೇ ಮುಚ್ಚಿಕೊಂಡಿತು.

ಕೊಡಗಳು ಒಂದೊಂದಾಗಿ ತೊಟ್ಟಿಗೆ ಬರಿದಾದವು. ಮುದುಕಿ ನನ್ನನ್ನು ನೋಡಿ, "ಇವನೇ ನನ್ನನ್ನ ಮೂಟಿ ಹಂಗ ಎತ್ತಿ ಒಗದಾಂವ" ಎಂದು ಎಲ್ಲರಿಗೂ ತೋರಿಸಿ, ಸೆರಗಿನಿಂದ ಎರಡು ಮಾವಿನಕಾಯಿ ತೆಗೆದು ನನ್ನ ಕೈಗಿಟ್ಟರು. ಆಮೇಲೆ ಅಕ್ಕನ ಎದುರು ಹೋಗಿ ನಿಂತರು. ಕುಂಕುಮ ಹಚ್ಚುವಂತಿರಲಿಲ್ಲ. ಬಟ್ಟೆ ಸುತ್ತದ ಬೆರಳ ತುದಿಯೊಂದನ್ನು ಹುಡುಕಿ, ಅದನ್ನು ಹಿಡಿದುಕೊಂಡರು.

ಅಕ್ಕ ನನ್ನನ್ನು ಕರೆದಳು. "ನನ್ನ ಕೈ ಆಗೂದಿಲ್ಲ. ನೀ ತೊಟ್ಟ್ಯಾಗ ಕೈ ಇಟ್ಟು ಕೂಡು. ನೀರು ಬೆಚ್ಚಗಾತಂದ್ರ ಹೇಳು."

ಓಡಿಹೋಗಬೇಕೆನ್ನಿಸಿತು. ಕೂತೆ. ಒಲೆ ಹತ್ತಿತು. ಹಂಡೆಯೊಳಗೆ ನೀರು ಮೊದಲ ಸಲ ಗುಳುಗುಟ್ಟಿದಾಗಲೂ ಕೈಯನ್ನು ತೆಗೆಯಲಿಲ್ಲ. ಬೆಚ್ಚಗಾಗುತ್ತಲೇ ಹೇಳಿದೆ. ಹೆಂಗಸರು ಬಿಸಿ ನೀರು ಮೊಗೆದು ತಣ್ಣೀರು ಹಾಕಿದರು. ಮತ್ತೆ ಹೇಳಿದೆ, ಮತ್ತೆ ಹಾಕಿದರು. ಸಿಳ್ಳೆ ಬರಲಿಲ್ಲ. ಹೊತ್ತು ಇಳಿಯುವಾಗ ಅಕ್ಕ ಕುಪ್ಪಿ ಬಿಚ್ಚಿಸಿ ನನ್ನ ಮೂಗಿನ ಹತ್ತಿರ ತರಿಸಿದಳು. ಉಸಿರು ಹಿಡಿದೆ. ಎಷ್ಟು ಹೊತ್ತು ಹಿಡಿಯಲಾದೀತು? ಬಿಟ್ಟು ಎಳೆದುಕೊಂಡೆ. ಒಣ ನೆಲ, ಮೊದಲ ಹನಿ, ಅದರಾಚೆ ಏನೂ ಇಲ್ಲ.

ಸಂಜೆ ಮಾಡಿಗೆ ಹೋದರೆ ನನ್ನ ಕಿಟಕಿಗೆ ಒಂದು ಪರದೆ ಕಟ್ಟಿತ್ತು. ಸುಡದೆ ಉಳಿದ ಎರಡು ತುಂಡುಗಳನ್ನು ಜೋಡಿಸಿ ಹೊಲಿದದ್ದು, ಒಂದು ಅಂಚು ಇನ್ನೂ ಕಪ್ಪು. ನೀರು ತೊಟ್ಟಿಕ್ಕುತ್ತಿತ್ತು. ಟ್ರಂಕು ಕಟ್ಟಿ, ನಸುಕಿನಲ್ಲಿ ಎಬ್ಬಿಸೆಂದು ಅಕ್ಕನಿಗೆ ಎರಡೆರಡು ಸಲ ಹೇಳಿ, ಬಟ್ಟೆಯನ್ನೂ ಬದಲಿಸದೆ ಸ್ವಲ್ಪ ಒರಗಿದೆ.

ಕಣ್ಣು ಬಿಟ್ಟಾಗ ಬಿಸಿಲು ಗೋಡೆ ಇಳಿದು ನನ್ನ ಕಾಲ ಮೇಲೆ ಬಂದಿತ್ತು. ಧಾರವಾಡದ ಗಾಡಿ ಹೋಗಿ ಎಷ್ಟೋ ಹೊತ್ತಾಗಿತ್ತು. ಅಕ್ಕ ಕಿಟಕಿಯ ಬಳಿ ನಿಂತು, ಬಟ್ಟೆ ಸುತ್ತಿದ ಕೈಯಲ್ಲಿ ಹೇಗೋ ತಂಬಿಗೆ ಹಿಡಿದು ಪರದೆಗೆ ನೀರು ಹೊಯ್ಯುತ್ತಿದ್ದಳು.

"ಯಾಕ ಎಬ್ಬಸ್ಲಿಲ್ಲ?" ಎಂದೆ.

"ಮೂರು ಸಲ ಬಂದಿದ್ದೆ" ಎಂದಳು. "ಗೊರಕಿ ಹೊಡೀಲಿಕತ್ತಿದ್ದಿ."